ಬೇಸ್‌ಬಾಲ್ ವೀರ ಕ್ರಿಸ್ಟಿ ಮ್ಯಾಥ್ಯೂಸನ್

ನಮ್ಮ ಗಡಿನಾಡಿನ ಶಾಲೆಗಳ ಅಂಗಳದಲ್ಲಿ, ಅದರಲ್ಲಿಯೂ ಮಹಾರಾಷ್ಟ್ರದ ಕಡೆಯ ಊರುಗಳಲ್ಲಿ, ಹುಡುಗ ಹುಡುಗಿಯರು ಸಾಫ್ಟ್‌ಬಾಲ್ ಆಡುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಆ ಆಟದ ಹಿರಿಯಣ್ಣನೇ ಬೇಸ್‌ಬಾಲ್. 1887ರಲ್ಲಿ ಷಿಕಾಗೋ ನಗರದಲ್ಲಿ ಒಳಾಂಗಣದ ವಿನೋದವೆಂದು ಹುಟ್ಟಿದ ಸಾಫ್ಟ್‌ಬಾಲಿಗೆ ನಿಯಮಗಳನ್ನೂ ಪರಿಭಾಷೆಯನ್ನೂ ಕೊಟ್ಟದ್ದು ಬೇಸ್‌ಬಾಲೇ. ಇಂಗ್ಲೆಂಡಿಗೆ ಕ್ರಿಕೆಟ್ಟು ಹೇಗೋ ಅಮೇರಿಕೆಗೆ ಬೇಸ್‌ಬಾಲು ಹಾಗೆ. ಆ ಆಟದಲ್ಲಿ ಕಾಲೇಜಿನ ವಿದ್ಯಾರ್ಥಿಯಾಗಿ ಚೆಂಡನ್ನೆಸೆಯಲು ನಿಂತು, ದೇಶಕ್ಕೆಲ್ಲ ಹೆಸರಾಗಿ, ಅನಂತರ ತರಬೇತುಗಾರನಾಗಿ, ಕಡೆಗೆ ಎಳೆಯ ಪ್ರಾಯದಲ್ಲಿಯೇ ಕ್ಷಯರೋಗಕ್ಕೆ ತುತ್ತಾದ ಕ್ರಿಸ್ಟಿ ಮ್ಯಾಥ್ಯೂಸನ್ನನ ಜೀವಿತವನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ಆತನು ತೀರಿಕೊಂಡು ಒಂದು ಶತಮಾನವಾಯಿತು. ಆದರೆ ಹಣದ ಆಸೆಗೆ ಆಟವನ್ನು ಮಾರಿಕೊಳ್ಳುವವರ ಸುದ್ದಿಯು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಆತನ ಹೆಸರು ಮತ್ತೆ ನೆನಪಿಗೆ ಬರುವುದುಂಟು.

ಆಟದ ರೀತಿಯನ್ನು ಅರಿಯದವರಿಗಾಗಿ ಎರಡು ಮಾತು. ವಜ್ರಾಕಾರದ ಅಂಗಳದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳಿರುತ್ತವೆ. ಅವಕ್ಕೆ ಬೇಸುಗಳೆಂದು ಹೆಸರು. ಒಂದರಿಂದ ಮತ್ತೊಂದಕ್ಕೆ 90 ಅಡಿ. ಬ್ಯಾಟುಗಾರನು ಚೆಂಡನ್ನು ಹೊಡೆದು, ನಾಲ್ಕು ನೆಲೆಗಳನ್ನೂ ಸುತ್ತಿ ಮನೆಗೆ ಮರಳಿದರೆ ಒಂದು ರನ್ನು. ಅವನಿಗೆದುರಾಗಿ 60 ಅಡಿ 6 ಅಂಗುಲ ದೂರದಲ್ಲಿ, ಸಣ್ಣದೊಂದು ಮಣ್ಣುದಿಬ್ಬದ ಮೇಲೆ ನಿಂತು ಚೆಂಡನ್ನೆಸೆಯುವವನೇ ಪಿಚರ್. ನಮ್ಮ ಕ್ರಿಕೆಟ್ಟಿನಂತೆ ಇಲ್ಲಿ ಚೆಂಡು ನೆಲಕ್ಕೆ ಬಡಿದು ಪುಟಿಯುವುದಿಲ್ಲ. ಗಾಳಿಯಲ್ಲಿಯೇ ಬರಬೇಕು, ಬಾಗುವುದಿದ್ದರೆ ಗಾಳಿಯಲ್ಲಿಯೇ ಬಾಗಬೇಕು. ಹೊಡೆಯಬಹುದಾದ ಮೂರು ಎಸೆತಗಳನ್ನು ಬ್ಯಾಟುಗಾರನು ತಪ್ಪಿಸಿಕೊಂಡರೆ ಅವನು ಔಟು. ಪಿಚರನೇ ನಾಲ್ಕು ಸಲ ಗುರಿತಪ್ಪಿ ಎಸೆದರೆ ಬ್ಯಾಟುಗಾರನಿಗೆ ಮೊದಲನೆಯ ನೆಲೆ ಧರ್ಮಾರ್ಥವಾಗಿ ದೊರೆಯುತ್ತದೆ. ಮೂವರು ಔಟಾದರೆ ಸರದಿ ಎದುರಾಳಿಗಳದು. ಹೀಗೆ ಒಂಬತ್ತು ಸರದಿಗಳು. ಒಂದು ಪಂದ್ಯದ ಸೋಲುಗೆಲುವುಗಳ ಬಹುಪಾಲು ಭಾರ ಆ ದಿಬ್ಬದ ಮೇಲಿನವನ ತೋಳಿನ ಮೇಲೆಯೇ ಇರುತ್ತದೆಂಬುದು ಇಷ್ಟರಿಂದ ತಿಳಿಯುವುದು.

ಮ್ಯಾಥ್ಯೂಸನ್ನನು ಹುಟ್ಟಿದುದು 1880ನೆಯ ಆಗಸ್ಟ್ 12ರಂದು, ಪೆನ್ಸಿಲ್ವೇನಿಯಾ ಸಂಸ್ಥಾನದ ಫ್ಯಾಕ್ಟರಿವಿಲ್ ಎಂಬ ಚಿಕ್ಕ ಊರಿನಲ್ಲಿ. ಹೆಸರಿನಲ್ಲಿ ಕಾರ್ಖಾನೆಯಿದ್ದರೂ ಅದು ಹೊಲಗದ್ದೆಗಳ ನಡುವಣ ಹಳ್ಳಿಯೇ. ತಂದೆ ಗಿಲ್ಬರ್ಟನು ಬೇಸಾಯಗಾರ. ತಾಯಿ ಮಿನರ್ವಾ ದೈವಭಕ್ತೆ. ಮಕ್ಕಳಲ್ಲಿ ಹಿರಿಯನಾದ ಇವನು ಧರ್ಮೋಪದೇಶಕನಾಗಬೇಕೆಂಬುದು ತಾಯಿಯ ಬಯಕೆ. ಅದು ಕೈಗೂಡಲಿಲ್ಲ. ಆದರೂ ಭಾನುವಾರ ಅಂಗಳಕ್ಕಿಳಿದು ಆಡುವುದಿಲ್ಲವೆಂದು ತಾಯಿಗಿತ್ತ ಮಾತನ್ನು ಆತನು ವೃತ್ತಿಪರನಾದ ಮೇಲೆಯೂ ನಡೆಸಿಕೊಂಡು ಬಂದನು. ಕ್ರೀಡಾಂಗಣದ ಒಡೆಯರಿಗೆ ಭಾನುವಾರವೇ ಹೆಚ್ಚು ಜನ ಸೇರುವ ದಿನವೆಂಬುದನ್ನು ನೆನೆದರೆ ಈ ಹಟ ಸಾಮಾನ್ಯವಾದುದಲ್ಲವೆಂದು ಗೊತ್ತಾಗುತ್ತದೆ.

ಊರಿನ ಕೀಸ್ಟೋನ್ ಅಕಾಡೆಮಿಯಲ್ಲಿ ಓದು ಮುಗಿಸಿ, 1898ರಲ್ಲಿ ಲೂಯಿಸ್‌ಬರ್ಗಿನ ಬಕ್ನೆಲ್ ವಿಶ್ವವಿದ್ಯಾಲಯವನ್ನು ಸೇರಿದನು. ಆರಡಿಗೆ ಮೀರಿದ ಎತ್ತರ, ಅಗಲವಾದ ಭುಜಗಳು, ತಿಳಿಯಾದ ಕಣ್ಣು. ತನ್ನ ತರಗತಿಯ ವಿದ್ಯಾರ್ಥಿಗಳ ಅಧ್ಯಕ್ಷನಾದನು, ಸಾಹಿತ್ಯ ಸಂಘದಲ್ಲಿದ್ದನು, ಗಾಯನ ಮಂಡಲಿಯಲ್ಲಿ ಹಾಡಿದನು. ಕಾಲೇಜಿನಲ್ಲಿ ಆತನಿಗೆ ಮೊದಲು ಹೆಸರು ತಂದುದು ಬೇಸ್‌ಬಾಲಿಗಿಂತ ಹೆಚ್ಚಾಗಿ ಅಮೇರಿಕೆಯ ಕಾಲ್ಚೆಂಡಾಟ. ದೂರದಿಂದ ಗುರಿಯಿಟ್ಟು ಒದೆಯುವುದರಲ್ಲಿ ಆತನಿಗೆ ಸಮಾನರು ಕಡಮೆ. ಚದುರಂಗದ ಸಣ್ಣತಮ್ಮನಂತಿರುವ ಚೆಕ್ಕರ್ಸ್ ಎಂಬ ಮನೆಯಾಟದಲ್ಲಂತೂ ಏಕಕಾಲದಲ್ಲಿ ಹಲವು ಮಂದಿಯೊಡನೆ ಆಡಿ ಗೆಲ್ಲುತ್ತಿದ್ದನು. ಒಮ್ಮೆ ಕಂಡ ಮಣೆಯನ್ನು ಮರೆಯದ ಆ ನೆನಪೇ ಮುಂದೆ ನೂರಾರು ಬ್ಯಾಟುಗಾರರ ದೌರ್ಬಲ್ಯಗಳನ್ನು ಬಾಯಿಪಾಠವಾಗಿ ಇಟ್ಟುಕೊಳ್ಳಲು ಒದಗಿತು.

ಆ ಕಾಲದಲ್ಲಿ ಹಣಕ್ಕಾಗಿ ಬೇಸ್‌ಬಾಲ್ ಆಡುವವರೆಂದರೆ ಸಭ್ಯ ಮನೆತನದವರು ಮೂಗು ಮುರಿಯುತ್ತಿದ್ದರು. ಕುಡಿತ, ಜೂಜು, ಬೈಗುಳ, ಹೊಡೆದಾಟಗಳ ನಡುವೆಯೇ ಆಟ ನಡೆಯುತ್ತಿತ್ತು. ಒಳ್ಳೆಯ ಹೋಟೆಲುಗಳು ಆಟಗಾರರಿಗೆ ಕೋಣೆ ಕೊಡಲು ಹಿಂಜರಿಯುತ್ತಿದ್ದುದೂ ಉಂಟು. ಅಂಥ ಗುಂಪಿಗೆ ಕಾಲೇಜಿನ ಹುಡುಗನೊಬ್ಬನು ಇಳಿದುದೇ ಒಂದು ಸುದ್ದಿಯಾಯಿತು. 1899ರ ಬೇಸಿಗೆಯಲ್ಲಿ ಮೆಸಾಚುಸೆಟ್ಸಿನ ಟಾಂಟನ್ ತಂಡದಲ್ಲಿ ತಿಂಗಳಿಗೆ 90 ಡಾಲರ್ ಸಂಬಳಕ್ಕೆ ಸೇರಿದನು; ಆದರೆ ಸಂಬಳ ಸರಿಯಾಗಿ ಕೈಸೇರಲಿಲ್ಲ, ಗೆಲುವೂ ಹೆಚ್ಚಾಗಿ ದೊರೆಯಲಿಲ್ಲ. ಅಲ್ಲಿ ದೊರೆತುದು ಒಂದು ವಿದ್ಯೆ ಮಾತ್ರ. ಜೊತೆಗಿದ್ದ ಎಡಗೈಯ ಪಿಚರನೊಬ್ಬನು ಅಭ್ಯಾಸದ ಹೊತ್ತಿನಲ್ಲಿ ವಿನೋದಕ್ಕೆಂದು ಎಸೆಯುತ್ತಿದ್ದ ಒಂದು ವಿಚಿತ್ರ ಎಸೆತವನ್ನು ಈತನು ನೋಡಿ, ತನ್ನ ಬಲಗೈಗೆ ಅಳವಡಿಸಿಕೊಂಡನೆಂದು ಹೇಳುತ್ತಾರೆ.

ಆ ಎಸೆತದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಬಲಗೈಯವನು ಮಣಿಕಟ್ಟನ್ನು ಸಾಧಾರಣ ರೀತಿಯಲ್ಲಿ ತಿರುಗಿಸಿ ಎಸೆದರೆ ಚೆಂಡು ಬಲಗೈ ಬ್ಯಾಟುಗಾರನಿಂದ ದೂರಕ್ಕೆ ಬಾಗುತ್ತದೆ. ಮ್ಯಾಥ್ಯೂಸನ್ನನು ಮಣಿಕಟ್ಟನ್ನು ಅದಕ್ಕೆ ವಿರುದ್ಧವಾಗಿ, ಅಂಗೈ ಹೊರಮುಖವಾಗುವಂತೆ ತಿರುಚಿ ಎಸೆಯುತ್ತಿದ್ದನು. ಚೆಂಡು ನಿಧಾನವಾಗಿ ಬಂದು, ಕೊನೆಯ ಗಳಿಗೆಯಲ್ಲಿ ಬಲಗೈ ಬ್ಯಾಟುಗಾರನ ಕಡೆಗೇ ಬಾಗಿ ಕುಸಿಯುತ್ತಿತ್ತು. ಎಡಗೈಯವನಿಗಾದರೋ ಕೈಗೆ ಸಿಕ್ಕಿತೆನ್ನುವಾಗಲೇ ಆಚೆಗೆ ಜಾರಿಹೋಗುತ್ತಿತ್ತು. ಮಸುಳಿ ಮಾಯವಾಗುವ ಚೆಂಡೆಂಬ ಅರ್ಥದಲ್ಲಿ ಇದಕ್ಕೆ ಫೇಡ್‌ಅವೇ ಎಂದು ಹೆಸರಾಯಿತು. ಹೆಚ್ಚುಕಡಮೆ ಇದೇ ಕಾಲದಲ್ಲಿ ಇಂಗ್ಲೆಂಡಿನ ಬೋಸಂಕೆಟ್ಟನು ಕ್ರಿಕೆಟ್ಟಿನಲ್ಲಿ ಗೂಗ್ಲಿಯನ್ನು ಕಂಡುಹಿಡಿದನೆಂಬುದು ಸ್ವಾರಸ್ಯಕರ. ಆಟ ಬೇರೆಯಾದರೂ ಬ್ಯಾಟುಗಾರನು ಎಣಿಸಿದ ದಿಕ್ಕಿಗೆ ವಿರುದ್ಧವಾಗಿ ಚೆಂಡನ್ನು ತಿರುಗಿಸುವ ಯುಕ್ತಿ ಒಂದೇ. ಈ ಎಸೆತದಿಂದ ತೋಳಿಗೆ ವಿಪರೀತ ಶ್ರಮವಾದುದರಿಂದ ಮ್ಯಾಥ್ಯೂಸನ್ನನು ಒಂದು ಪಂದ್ಯದಲ್ಲಿ ಹತ್ತು ಹನ್ನೆರಡು ಸಲಕ್ಕಿಂತ ಹೆಚ್ಚಾಗಿ ಅದನ್ನು ಬಳಸುತ್ತಿರಲಿಲ್ಲ.

1900ರಲ್ಲಿ ವರ್ಜೀನಿಯಾದ ನಾರ್‌ಫೋಕ್ ತಂಡಕ್ಕಾಗಿ ಆಡಿ 20 ಪಂದ್ಯಗಳನ್ನು ಗೆದ್ದು ಎರಡನ್ನು ಮಾತ್ರ ಸೋತನು. ಒಡನೆಯೇ ನ್ಯೂಯಾರ್ಕ್ ಜಯಂಟ್ಸ್ ತಂಡದವರು ಕರೆಸಿಕೊಂಡರು. ಅಲ್ಲಿ ಮೂರು ಪಂದ್ಯ ಸೋತು, ಒಂದನ್ನೂ ಗೆಲ್ಲದೆ, ನಾರ್‌ಫೋಕಿಗೆ ಹಿಂದಿರುಗಬೇಕಾಯಿತು. ಆಮೇಲೆ ನಡೆದುದು ಒಂದು ವ್ಯಾಪಾರ. ಸಿನ್ಸಿನಾಟಿ ರೆಡ್ಸ್ ತಂಡದವರು ಈ ಹುಡುಗನನ್ನು ಕೇವಲ 100 ಡಾಲರಿಗೆ ಪಡೆದು, ಅದೇ ಚಳಿಗಾಲದಲ್ಲಿ ಏಮಸ್ ರೂಸಿ ಎಂಬ ಪ್ರಖ್ಯಾತ ಪಿಚರನಿಗೆ ಬದಲಾಗಿ ಮತ್ತೆ ನ್ಯೂಯಾರ್ಕಿಗೇ ಕೊಟ್ಟುಬಿಟ್ಟರು. ರೂಸಿಯು ಎರಡು ವರ್ಷ ಆಟ ಬಿಟ್ಟು ಕುಳಿತಿದ್ದವನು. ಸಿನ್ಸಿನಾಟಿಗೆ ಮೂರು ಪಂದ್ಯಗಳಲ್ಲಿ ಮಾತ್ರ ಆಡಿದನು, ಒಂದನ್ನೂ ಗೆದ್ದುಕೊಡಲಿಲ್ಲ. ಮ್ಯಾಥ್ಯೂಸನ್ನನು ನ್ಯೂಯಾರ್ಕಿಗೆ ಗೆದ್ದುಕೊಟ್ಟ ಪಂದ್ಯಗಳು 372. ಬೇಸ್‌ಬಾಲಿನ ಚರಿತ್ರೆಯಲ್ಲಿ ಇದಕ್ಕಿಂತ ನಷ್ಟದ ವ್ಯಾಪಾರವನ್ನು ಹುಡುಕುವುದು ಕಷ್ಟ.

1901ರಲ್ಲಿ 20 ಗೆಲುವುಗಳು. ಜುಲೈ 15ರಂದು ಸೇಂಟ್ ಲೂಯಿಸ್ ತಂಡದವರಿಗೆ ಇಡೀ ಪಂದ್ಯದಲ್ಲಿ ಒಂದು ಸರಿಯಾದ ಹೊಡೆತವನ್ನೂ ಕೊಡದೆ ಗೆದ್ದನು. ಇಂಥವನನ್ನು ಮರುವರ್ಷ ಆಗಿನ ಮೇನೇಜರನು ದಿಬ್ಬದಿಂದಿಳಿಸಿ ಮೊದಲನೆಯ ನೆಲೆಯ ಕಾವಲಿಗೆ ನಿಲ್ಲಿಸಿ ನೋಡಿದನೆಂದರೆ ನಂಬುವುದು ಕಷ್ಟ. ಅದೃಷ್ಟವಶಾತ್ 1902ರ ಜುಲೈಯಲ್ಲಿ ಜಾನ್ ಮೆಗ್ರಾ ಎಂಬವನು ಮೇನೇಜರನಾಗಿ ಬಂದು ಆ ಹುಚ್ಚಾಟವನ್ನು ನಿಲ್ಲಿಸಿದನು.

ಮೆಗ್ರಾ ಮತ್ತು ಮ್ಯಾಥ್ಯೂಸನ್ನರ ಸ್ನೇಹವು ಎಣ್ಣೆ ಸೀಗೆಕಾಯಿಗಳ ನೆಂಟಸ್ತಿಕೆಯಂತೆ ಕಾಣುವಂಥದು. ಮೆಗ್ರಾ ಕುಳ್ಳ, ಕೋಪಿಷ್ಠ, ಅಂಪೈರುಗಳ ಮೇಲೆ ಬಾಯಿ ಮಾಡುವವನು, ಕುದುರೆ ಜೂಜಿನ ಪ್ರಿಯ. ಮ್ಯಾಥ್ಯೂಸನ್ನನು ಮಿತಭಾಷಿ, ಗಂಭೀರ. ಆದರೂ 1903ರಲ್ಲಿ ಮ್ಯಾಥ್ಯೂಸನ್ನನು ಜೇನ್ ಸ್ಟೌಟನ್ನಳನ್ನು ಮದುವೆಯಾದ ಮೇಲೆ ಎರಡು ದಂಪತಿಗಳೂ ನ್ಯೂಯಾರ್ಕಿನ ಒಂದೇ ಮನೆಯಲ್ಲಿ ಒಟ್ಟಿಗೆ ಬಾಡಿಗೆಗಿದ್ದರು. ಆಟದ ಒಳಗುಟ್ಟುಗಳನ್ನು ಒಬ್ಬರಿಂದೊಬ್ಬರು ಕಲಿತುದು ಆ ಮನೆಯ ಊಟದ ಮೇಜಿನ ಸುತ್ತಲೇ ಇರಬೇಕು.

ಮುಂದಿನ ಹನ್ನೆರಡು ವರ್ಷಗಳಲ್ಲಿ, ಎಂದರೆ 1903ರಿಂದ 1914ರವರೆಗೆ, ಒಂದು ವರ್ಷವೂ ತಪ್ಪದೆ 20ಕ್ಕೆ ಮೇಲ್ಪಟ್ಟು ಪಂದ್ಯಗಳನ್ನು ಗೆದ್ದನು. ನಾಲ್ಕು ವರ್ಷಗಳಲ್ಲಿ 30 ಅಥವಾ ಅದಕ್ಕೂ ಹೆಚ್ಚು. 1903ರಲ್ಲಿ 267 ಮಂದಿಯನ್ನು ಬ್ಯಾಟಿಗೆ ಚೆಂಡು ಸಿಗದಂತೆ ಔಟು ಮಾಡಿದ ಲೆಕ್ಕವು ನ್ಯಾಷನಲ್ ಲೀಗಿನ 20ನೆಯ ಶತಮಾನದ ದಾಖಲೆಯಾಗಿ 1961ರವರೆಗೆ ಉಳಿಯಿತು. ಇವೆಲ್ಲಕ್ಕೂ ಮಿಗಿಲಾದುದು 1905ರ ಅಕ್ಟೋಬರ್. ಎರಡು ಲೀಗುಗಳ ವಿಜೇತರ ನಡುವೆ ನಡೆಯುವ ವಿಶ್ವಸರಣಿಯಲ್ಲಿ ನ್ಯೂಯಾರ್ಕಿಗೆ ಎದುರಾದವರು ಫಿಲಡೆಲ್ಫಿಯ ಅಥ್ಲೆಟಿಕ್ಸ್. ಅಕ್ಟೋಬರ್ 9, 12, 14, ಹೀಗೆ ಆರು ದಿನಗಳಲ್ಲಿ ಮೂರು ಸಲ ಮ್ಯಾಥ್ಯೂಸನ್ನನು ದಿಬ್ಬವೇರಿದನು. ಮೂರು ಪಂದ್ಯಗಳ 27 ಸರದಿಗಳಲ್ಲಿ ಎದುರಾಳಿಗಳಿಗೆ ಒಂದು ರನ್ನೂ ದಕ್ಕಲಿಲ್ಲ. 18 ಮಂದಿ ಬ್ಯಾಟು ಬೀಸಿ ಬರಿಗೈಯಲ್ಲಿ ಹೋದರು. ಗುರಿತಪ್ಪಿ ಧರ್ಮಾರ್ಥ ನೆಲೆ ಕೊಟ್ಟದ್ದು ಒಬ್ಬನಿಗೆ ಮಾತ್ರ. ವಿಶ್ವಸರಣಿಯಲ್ಲಿ ಇದಕ್ಕೆ ಸಾಟಿಯಾದುದನ್ನು ಅನಂತರ ಯಾರೂ ಮಾಡಿಲ್ಲ.

ಆತನ ಬಲವಿದ್ದುದು ವೇಗದಲ್ಲಿ ಮಾತ್ರವಲ್ಲ, ಹತೋಟಿಯಲ್ಲಿ. 1913ರಲ್ಲಿ 306 ಸರದಿಗಳನ್ನು ಎಸೆದು 21 ಮಂದಿಗೆ ಮಾತ್ರ ಧರ್ಮಾರ್ಥ ನೆಲೆ ಕೊಟ್ಟನು. ಆ ವರ್ಷ ಒಮ್ಮೆ ಸತತವಾಗಿ 68 ಸರದಿಗಳಲ್ಲಿ ಒಬ್ಬನಿಗೂ ಕೊಡಲಿಲ್ಲ. ಬಾಣವನ್ನು ಬತ್ತಳಿಕೆಯಲ್ಲಿ ಉಳಿಸಿಕೊಳ್ಳುವುದು ಆತನ ತತ್ತ್ವ. ನೆಲೆಗಳು ಖಾಲಿಯಾಗಿರುವಾಗ ಸುಲಭವಾಗಿ ಎಸೆದು ಬ್ಯಾಟುಗಾರನು ಹೊಡೆದರೆ ಹೊಡೆಯಲಿ, ಹಿಡಿಯಲು ಜೊತೆಗಾರರಿದ್ದಾರೆಂದು ಬಿಡುತ್ತಿದ್ದನು. ಇಕ್ಕಟ್ಟಿನ ಗಳಿಗೆ ಬಂದಾಗ ಮಾತ್ರ ಪೂರ್ಣ ಶಕ್ತಿಯನ್ನು ಹೊರತೆಗೆಯುತ್ತಿದ್ದನು. ಈ ವಿಷಯವಾಗಿ 1912ರಲ್ಲಿ ಆತನ ಹೆಸರಿನಲ್ಲಿ ಒಂದು ಪುಸ್ತಕವೂ ಹೊರಬಂದಿತು. ಅದನ್ನು ಬರೆದುಕೊಟ್ಟವನು ಜಾನ್ ವೀಲರ್ ಎಂಬ ಪತ್ರಕರ್ತನು.

ಇಷ್ಟು ಹೊಗಳಿದ ಮೇಲೆ ಸೋಲುಗಳ ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ಅಚ್ಚರಿಯೆಂದರೆ ಈ ವೀರನ ಬಾಳಿನಲ್ಲಿ ಜನರು ಹೆಚ್ಚಾಗಿ ನೆನೆಯುವುದು ಸೋತ ಪಂದ್ಯಗಳನ್ನೇ. 1908ರಲ್ಲಿ ಆತನು 37 ಪಂದ್ಯಗಳನ್ನು ಗೆದ್ದನು. ಸೆಪ್ಟೆಂಬರ್ 23ರಂದು ಷಿಕಾಗೋ ಕಬ್ಸ್ ತಂಡದೆದುರು ಸಮವಾಗಿದ್ದ ಪಂದ್ಯದ ಕೊನೆಯ ಸರದಿಯಲ್ಲಿ ನ್ಯೂಯಾರ್ಕಿನವರು ಗೆಲುವಿನ ಹೊಡೆತವನ್ನು ಹೊಡೆದರು. ಜನ ಕೂಗುತ್ತ ಅಂಗಳಕ್ಕೆ ನುಗ್ಗಿತು. ಮೊದಲನೆಯ ನೆಲೆಯಲ್ಲಿದ್ದ ಫ್ರೆಡ್ ಮರ್ಕಲ್ ಎಂಬ 19 ವರ್ಷದ ಹುಡುಗನು, ಆಟ ಮುಗಿಯಿತೆಂದು ಬಗೆದು, ಎರಡನೆಯ ನೆಲೆಯನ್ನು ಮುಟ್ಟದೆಯೇ ಬಿಡಾರದ ಕಡೆಗೆ ಓಡಿದನು. ಆಗಿನ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಆದರೆ ನಿಯಮದ ಅಕ್ಷರ ಬೇರೆ. ಷಿಕಾಗೋದ ಜಾನಿ ಎವರ್ಸನು ಚೆಂಡನ್ನು ತರಿಸಿ ಎರಡನೆಯ ನೆಲೆಯನ್ನು ಮುಟ್ಟಿದನು, ಅಂಪೈರು ಮರ್ಕಲನನ್ನು ಔಟೆಂದನು, ರನ್ನು ರದ್ದಾಯಿತು, ಪಂದ್ಯ ಸಮವಾಯಿತು. ವರ್ಷದ ಕೊನೆಗೆ ಎರಡು ತಂಡಗಳೂ ಸಮನಾಗಿ ನಿಂತುದರಿಂದ ಅಕ್ಟೋಬರ್ 8ರಂದು ಆ ಪಂದ್ಯವನ್ನು ಮರಳಿ ಆಡಬೇಕಾಯಿತು. ವರ್ಷವೆಲ್ಲ ದುಡಿದು ಬಳಲಿದ್ದ ಮ್ಯಾಥ್ಯೂಸನ್ನನು ಎಸೆದನು. ನ್ಯೂಯಾರ್ಕು 2, ಷಿಕಾಗೋ 4. ಮರ್ಕಲನಿಗೆ ಆ ಕೆಟ್ಟ ಹೆಸರು ಸಾಯುವತನಕ ಅಂಟಿಕೊಂಡಿತು. ಮುಂದಿನ ಜನವರಿಯಲ್ಲಿ ಮ್ಯಾಥ್ಯೂಸನ್ನನ ತಮ್ಮ ನಿಕೊಲಾಸನು ಆತ್ಮಹತ್ಯೆ ಮಾಡಿಕೊಂಡನು. ಆ ದುಃಖವನ್ನು ಹೊತ್ತು ಆಡಿದ 1909ರಲ್ಲಿ ಮ್ಯಾಥ್ಯೂಸನ್ನನು ಒಂಬತ್ತು ಸರದಿಗೆ ಸರಾಸರಿ 1.14 ರನ್ನುಗಳನ್ನು ಮಾತ್ರ ಕೊಟ್ಟನು. ಆತನ ವೃತ್ತಿಜೀವನದಲ್ಲಿಯೇ ಅದು ಅತಿ ಕಡಮೆ.

1911ರ ವಿಶ್ವಸರಣಿಯಲ್ಲಿ ನಡೆದುದು ನಗೆಯ ಪ್ರಸಂಗ. ಫಿಲಡೆಲ್ಫಿಯದ ಫ್ರಾಂಕ್ ಬೇಕರನು ನ್ಯೂಯಾರ್ಕಿನ ಮತ್ತೊಬ್ಬ ಪಿಚರ್ ರೂಬ್ ಮಾರ್ಕ್ವರ್ಡನ ಎಸೆತವನ್ನು ಬೇಲಿಯಾಚೆಗೆ ಹೊಡೆದನು. ಮರುದಿನದ ಪತ್ರಿಕೆಯಲ್ಲಿ ಮ್ಯಾಥ್ಯೂಸನ್ನನ ಹೆಸರಿನಲ್ಲಿ ಬಂದ ಲೇಖನವು ಮಾರ್ಕ್ವರ್ಡನು ಎಸೆಯಬಾರದ ಚೆಂಡನ್ನು ಎಸೆದನೆಂದು ಆಕ್ಷೇಪಿಸಿತು. ಅದೇ ದಿನ ಮ್ಯಾಥ್ಯೂಸನ್ನನ ಸರದಿ. ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಅದೇ ಬೇಕರನು ಆತನ ಎಸೆತವನ್ನೂ ಬೇಲಿಯಾಚೆಗೆ ಕಳುಹಿಸಿದನು. ಮಾರ್ಕ್ವರ್ಡನ ಹೆಸರಿನಲ್ಲಿಯೂ ಒಂದು ಲೇಖನ ಬರುತ್ತಿತ್ತೆಂಬುದನ್ನು ಹೇಳಿದರೆ ಮುಂದಿನದನ್ನು ವಾಚಕರೇ ಊಹಿಸಿಕೊಳ್ಳಬಹುದು. ಮರುವರ್ಷ ಬೋಸ್ಟನಿನಲ್ಲಿ ಸರಣಿಯ ಕಡೆಯ ಪಂದ್ಯ ಹತ್ತನೆಯ ಸರದಿಗೆ ಹೋಯಿತು. ನ್ಯೂಯಾರ್ಕು ಒಂದು ರನ್ನು ಮುಂದಿತ್ತು. ಫ್ರೆಡ್ ಸ್ನಾಡ್‌ಗ್ರಾಸ್ ಕೈಗೆ ಬಂದ ಸುಲಭದ ಕ್ಯಾಚನ್ನು ಬಿಟ್ಟನು. ಅನಂತರ ಇನ್ನೊಂದು ಎತ್ತರದ ಚೆಂಡು ಮ್ಯಾಥ್ಯೂಸನ್ನನೂ ಸೇರಿದಂತೆ ಮೂವರ ನಡುವೆ ಯಾರೂ ಹಿಡಿಯದೆ ನೆಲಕ್ಕೆ ಬಿತ್ತು. ಪಂದ್ಯವೂ ಸರಣಿಯೂ ಹೋಯಿತು. ಹೀಗೆ 1911, 1912, 1913, ಮೂರು ವರ್ಷವೂ ವಿಶ್ವಸರಣಿಯಲ್ಲಿ ಸೋಲು. ಜೊತೆಗಾರರ ತಪ್ಪಿನಿಂದ ಸೋತಾಗಲೂ ಅಂಗಳದಲ್ಲಿ ಅವರ ಮೇಲೆ ಹರಿಹಾಯುವ ಸ್ವಭಾವ ಆತನದಲ್ಲ.

ಪತ್ರಿಕೆಗಳು ಆತನನ್ನು ದೇವಮಾನವನಂತೆ ಚಿತ್ರಿಸಿದವು. ಮಕ್ಕಳ ಕಥೆಗಳಿಗೂ ಆತನ ಹೆಸರನ್ನು ಬಳಸಿದರು. ನಿಜವಾಗಿ ಆತನು ಧೂಮಪಾನ ಮಾಡುತ್ತಿದ್ದನು, ಮಿತವಾಗಿ ಮದ್ಯ ಸೇವಿಸುತ್ತಿದ್ದನು, ಇಸ್ಪೀಟಿನಲ್ಲಿ ಹಣ ಕಟ್ಟಿ ಆಡುತ್ತಿದ್ದನು. ಉದ್ದನೆಯ ಬಿಳಿಯ ನಿಲುವಂಗಿ ತೊಟ್ಟು, ಆಟಕ್ಕೆ ಸ್ವಲ್ಪವೇ ಮುಂಚೆ, ಎಲ್ಲರೂ ನೋಡುವಂತೆ ಅಂಗಳವನ್ನು ದಾಟಿ ಬರುವ ಜಂಬವೂ ಇತ್ತು. ಅಪರಿಚಿತರೊಡನೆ ಬಿಗುಮಾನ. ಇನ್ನೊಂದು ಮಾತನ್ನೂ ಹೇಳಬೇಕು. ಆತನು ಆಡಿದ ಲೀಗುಗಳಲ್ಲಿ ನೀಗ್ರೋ ಜನಾಂಗದವರೆಂದು ಆಗ ಕರೆಯುತ್ತಿದ್ದ ಕರಿಯ ಆಟಗಾರರಿಗೆ ಪ್ರವೇಶವೇ ಇರಲಿಲ್ಲ. 1947ರಲ್ಲಿ ಜಾಕಿ ರಾಬಿನ್‌ಸನ್ ಕಾಲಿಡುವವರೆಗೆ ಆ ಬಾಗಿಲು ಮುಚ್ಚಿಯೇ ಇದ್ದಿತು. ರೂಬ್ ಫಾಸ್ಟರ್ ಎಂಬ ಕರಿಯ ಪಿಚರನೇ ಮ್ಯಾಥ್ಯೂಸನ್ನನಿಗೆ ಫೇಡ್‌ಅವೇ ಕಲಿಸಿದನೆಂಬ ದಂತಕಥೆಯೊಂದುಂಟು, ಆಧಾರ ಸಾಲದು. ಆದರೆ ಅಂಥ ಕಥೆ ಹುಟ್ಟುವುದಕ್ಕೆ ಕಾರಣವಾದ ಅನ್ಯಾಯ ಮಾತ್ರ ಕಥೆಯಲ್ಲ. ಇದೇ ವರ್ಷಗಳಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಎಂಬ ಅಪ್ರತಿಮ ಎಡಗೈ ಬೌಲರನು ಪುಣೆಯಲ್ಲಿ ಜೊತೆಗಾರರಿಗಾಗಿ ವಿಕೆಟ್ಟುಗಳನ್ನು ಉರುಳಿಸಿ, ಚಹವನ್ನು ಮಾತ್ರ ಹೊರಗೆ ಬೇರೆಯ ಮಣ್ಣಿನ ಬಟ್ಟಲಿನಲ್ಲಿ ಕುಡಿಯಬೇಕಾಗಿತ್ತು. ಆದುದರಿಂದ ಅಮೇರಿಕೆಯವರ ಕಡೆಗೆ ಬೆರಳು ತೋರುವಾಗ ನಾವು ಸ್ವಲ್ಪ ಅಳುಕಬೇಕಾಗಿದೆ.

1915ರಲ್ಲಿ ತೋಳು ಸೋತಿತು; ಎಂಟು ಗೆಲುವು, ಹದಿನಾಲ್ಕು ಸೋಲು. ತಂಡವೊಂದನ್ನು ತಾನೇ ನಡೆಸಬೇಕೆಂಬ ಬಯಕೆ ಆತನಿಗಿದ್ದುದನ್ನು ಮೆಗ್ರಾ ಬಲ್ಲವನಾಗಿದ್ದನು. 1916ರ ಜುಲೈ 20ರಂದು, ಹದಿನಾರು ವರ್ಷಗಳ ಹಿಂದೆ ತನ್ನನ್ನು ಬಿಟ್ಟುಕೊಟ್ಟಿದ್ದ ಅದೇ ಸಿನ್ಸಿನಾಟಿ ತಂಡಕ್ಕೆ, ಮ್ಯಾಥ್ಯೂಸನ್ನನು ಮೇನೇಜರನಾಗಿ ಹೋದನು. ಆತನ ಜೊತೆಗೆ ಹೋದ ಇಬ್ಬರು ಎಡ್ ರೌಷ್ ಮತ್ತು ಬಿಲ್ ಮೆಕೆಕ್ನಿ. ಈ ಮೂವರೂ ಮುಂದೆ ಬೇಸ್‌ಬಾಲಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದರು. ಸೆಪ್ಟೆಂಬರ್ 4ರಂದು ಷಿಕಾಗೋದಲ್ಲಿ ಹಳೆಯ ಎದುರಾಳಿ ಮಾರ್ಡೆಕಾಯ್ ಬ್ರೌನನಿಗೂ ಆತನಿಗೂ ಕೊನೆಯ ಪಂದ್ಯ. ಬ್ರೌನನಿಗೆ ಬಾಲ್ಯದಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಬೆರಳು ಕತ್ತರಿಸಿಹೋಗಿತ್ತು. ಆ ಊನವೇ ಆತನ ಚೆಂಡಿಗೆ ವಿಚಿತ್ರವಾದ ಬಾಗನ್ನು ಕೊಟ್ಟಿತ್ತು. ಇಬ್ಬರು ಮುದಿ ಮಲ್ಲರೂ ಆ ದಿನ ಚೆನ್ನಾಗಿ ಪೆಟ್ಟು ತಿಂದರು. ಮ್ಯಾಥ್ಯೂಸನ್ನನು 10–8ರಿಂದ ಗೆದ್ದನು. ಅನಂತರ ಇಬ್ಬರೂ ದೊಡ್ಡ ಲೀಗಿನಲ್ಲಿ ಮತ್ತೆ ಎಸೆಯಲಿಲ್ಲ.

ಕಡೆಯ ಸ್ಥಾನದಲ್ಲಿ ತೊಳಲುತ್ತಿದ್ದ ತಂಡವು ಆತನ ಕೈಯಲ್ಲಿ 1917ರಲ್ಲಿ ನಾಲ್ಕನೆಯದಾಯಿತು, 1918ರಲ್ಲಿ ಮೂರನೆಯದಾಯಿತು. ರೌಷನು 1917ರಲ್ಲಿ ಲೀಗಿನ ಶ್ರೇಷ್ಠ ಬ್ಯಾಟುಗಾರನೆನಿಸಿದನು. ಆದರೆ ಮೇನೇಜರನಿಗೆ ಒಳಗೊಳಗೇ ಒಂದು ಹುಳು ಕೊರೆಯುತ್ತಿತ್ತು. ತಂಡದ ಮೊದಲನೆಯ ನೆಲೆಯಲ್ಲಿದ್ದವನು ಹಾಲ್ ಚೇಸ್. ಆ ಜಾಗದಲ್ಲಿ ಆತನಷ್ಟು ಚಾತುರ್ಯದಿಂದ ಆಡಿದವನು ಮತ್ತೊಬ್ಬನಿಲ್ಲವೆಂದು ನೋಡಿದವರು ಹೇಳುತ್ತಿದ್ದರು. ಜೊತೆಗೆ ಜೂಜುಗಾರರ ಹಣ ಪಡೆದು ಬೇಕೆಂದೇ ಪಂದ್ಯ ಸೋಲಿಸುತ್ತಾನೆಂಬ ಗುಸುಗುಸುವೂ ವರ್ಷಗಳಿಂದ ಇತ್ತು. ಚೆಂಡಿಗೆ ಅರೆಗಳಿಗೆ ತಡವಾಗಿ ತಲಪುವುದು, ಎಸೆತವನ್ನು ಒಂದು ಅಂಗುಲ ಆಚೆ ಬಿಡುವುದು. ಹೊರಗಿನವರಿಗೆ ಇದು ತಿಳಿಯುವಂತಿರಲಿಲ್ಲ. ಮ್ಯಾಥ್ಯೂಸನ್ನನಿಗೆ ತಿಳಿಯಿತು. ತಂಡದ ಎಳೆಯ ಪಿಚರನೊಬ್ಬನ ಕೈಗೆ ಪಂದ್ಯ ಸೋತ ಮೇಲೆ ಚೇಸನು 50 ಡಾಲರ್ ಇಟ್ಟನೆಂಬ ದೂರೂ ಆತನ ಬಳಿಗೆ ಬಂದಿತು. 1918ರ ಆಗಸ್ಟಿನಲ್ಲಿ ಆತನು ಚೇಸನನ್ನು ತಂಡದಿಂದ ಅಮಾನತಿನಲ್ಲಿಟ್ಟನು. ಒಳ್ಳೆಯ ಆಟಗಾರನನ್ನು ಕಳೆದುಕೊಂಡರೆ ತನ್ನ ತಂಡಕ್ಕೇ ನಷ್ಟವೆಂದು ತಿಳಿದೂ ಮಾಡಿದ ಕೆಲಸವಿದು. ಬೇರೆ ಮೇನೇಜರರು ಕಂಡೂ ಕಾಣದಂತಿದ್ದ ಕಾಲದಲ್ಲಿ ಈ ಒಂದು ನಡತೆಯು ನನ್ನ ಎಣಿಕೆಯಲ್ಲಿ 1905ರ ಮೂರು ಪಂದ್ಯಗಳಿಗಿಂತ ದೊಡ್ಡದು.

ಅದೇ ತಿಂಗಳ ಕೊನೆಗೆ ಮ್ಯಾಥ್ಯೂಸನ್ನನು ಸೈನ್ಯಕ್ಕೆ ಸೇರಿದನು. ಪ್ರಾಯ 38, ಸೇರಲೇಬೇಕೆಂಬ ನಿರ್ಬಂಧವಿರಲಿಲ್ಲ. ವಿಷಾನಿಲಗಳ ಯುದ್ಧಕ್ಕಾಗಿ ಹೊಸದಾಗಿ ಕಟ್ಟಿದ್ದ ರಾಸಾಯನಿಕ ದಳದಲ್ಲಿ ಕ್ಯಾಪ್ಟನ್ ಪದವಿ ದೊರೆಯಿತು. ಟೈ ಕಾಬ್, ಬ್ರಾಂಚ್ ರಿಕಿ ಮೊದಲಾದ ಬೇಸ್‌ಬಾಲಿನ ಹೆಸರಾಂತರೂ ಅದೇ ದಳದಲ್ಲಿದ್ದರು. ಸಮುದ್ರಯಾನದಲ್ಲಿಯೇ ಆ ವರ್ಷ ಲೋಕವನ್ನೆಲ್ಲ ಪೀಡಿಸಿದ ಇನ್‌ಫ್ಲುಯೆಂಜಾ ಜ್ವರವು ಆತನನ್ನು ಹಿಡಿಯಿತು. ಫ್ರಾನ್ಸಿನ ಷೋಮಾಂಟ್ ಎಂಬಲ್ಲಿ ತರಬೇತಿಯ ಕೋಣೆಯೊಳಗೆ ವಿಷಾನಿಲ ಬಿಟ್ಟಾಗ ಮುಖವಾಡ ಹಾಕಿಕೊಳ್ಳುವ ಸೂಚನೆ ತಪ್ಪಿ, ಮ್ಯಾಥ್ಯೂಸನ್ನನು ಬಹಳ ಅನಿಲವನ್ನು ಸೇವಿಸಿದನೆಂದು ಟೈ ಕಾಬನು ಬಹುಕಾಲದ ಮೇಲೆ ತನ್ನ ಆತ್ಮಕಥೆಯಲ್ಲಿ ತಿಳಿಸಿದನು. ಇದನ್ನು ಶಂಕಿಸುವ ಚರಿತ್ರಕಾರರೂ ಇದ್ದಾರೆ. ಆತನ ಇನ್ನೊಬ್ಬ ತಮ್ಮ ಹೆನ್ರಿಯು 1917ರಲ್ಲಿಯೇ ಕ್ಷಯದಿಂದ ತೀರಿಕೊಂಡಿದ್ದನು. ಬೀಜ ಮನೆಯಲ್ಲಿಯೇ ಇದ್ದಿರಬಹುದು. ಅನಿಲ, ಜ್ವರ, ಸೋಂಕು, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಈಗ ನಿರ್ಣಯಿಸಲಾಗದು.

ಇತ್ತ 1919ರ ಆರಂಭದಲ್ಲಿ ಚೇಸನ ವಿಚಾರಣೆ ನಡೆಯಿತು. ಮುಖ್ಯ ಸಾಕ್ಷಿ ಸಮುದ್ರದಾಚೆ ಇದ್ದನು. ಸಾಕ್ಷ್ಯ ಸಾಲದೆಂದು ಚೇಸನು ನಿರ್ದೋಷಿಯೆನಿಸಿ ಬಿಡುಗಡೆಯಾದನು. ಸಿನ್ಸಿನಾಟಿಯವರು ಫ್ರಾನ್ಸಿಗೆ ಕಳುಹಿಸಿದ ತಂತಿಗಳಿಗೆ ಉತ್ತರ ಬಾರದುದರಿಂದ ಬೇರೊಬ್ಬ ಮೇನೇಜರನನ್ನು ನೇಮಿಸಿಕೊಂಡಿದ್ದರು. ಮ್ಯಾಥ್ಯೂಸನ್ನನು ಮರಳಿ ಬಂದು ಹಳೆಯ ಗೆಳೆಯ ಮೆಗ್ರಾನ ಬಳಿ ತರಬೇತುಗಾರನಾಗಿ ಸೇರಿದನು. ಅಲ್ಲಿ ನೋಡಿದರೆ ಮೊದಲನೆಯ ನೆಲೆಯಲ್ಲಿ ನಿಂತಿದ್ದವನು ಹಾಲ್ ಚೇಸನೇ! ಮೆಗ್ರಾ ಆತನನ್ನು ಕೊಂಡುಕೊಂಡಿದ್ದನು. ಯಾರನ್ನು ಆಟದಿಂದ ಹೊರಗಟ್ಟಬೇಕೆಂದು ಹೊರಟನೋ ಅವನ ಪಕ್ಕದ ಬೆಂಚಿನಲ್ಲಿ ಒಂದು ಬೇಸಿಗೆಯೆಲ್ಲ ಕುಳಿತುಕೊಳ್ಳುವ ಪಾಡು ಮ್ಯಾಥ್ಯೂಸನ್ನನದಾಯಿತು. ಮೆಗ್ರಾನ ಸ್ನೇಹವನ್ನು ಎಷ್ಟು ಮೆಚ್ಚಿದರೂ ಈ ಕೆಲಸವನ್ನು ಮೆಚ್ಚಲಾಗದು. ಆ ವರ್ಷದ ಕೊನೆಗೆ ಮೆಗ್ರಾನೂ ಕಣ್ತೆರೆದು ಚೇಸನನ್ನು ದೂರ ಮಾಡಬೇಕಾಯಿತು.

ಮ್ಯಾಥ್ಯೂಸನ್ನನು ಕಟ್ಟಿದ ಸಿನ್ಸಿನಾಟಿ ತಂಡವು 1919ರಲ್ಲಿ ತನ್ನ ಲೀಗನ್ನು ಗೆದ್ದು, ವಿಶ್ವಸರಣಿಯಲ್ಲಿ ಷಿಕಾಗೋ ವೈಟ್ ಸಾಕ್ಸ್ ತಂಡವನ್ನು ಎದುರಿಸಿತು. ಆತನು ಪತ್ರಿಕೆಗಳಿಗೆ ವರದಿ ಮಾಡಲು ಹೋಗಿದ್ದನು. ಷಿಕಾಗೋದವರು ಹಣ ಪಡೆದಿದ್ದಾರೆಂಬ ವದಂತಿ ಕೇಳಿದ ಹ್ಯೂ ಫುಲರ್ಟನ್ ಎಂಬ ಪತ್ರಕರ್ತನು ಮ್ಯಾಥ್ಯೂಸನ್ನನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡನು. ಸಂಶಯ ಬಂದ ಪ್ರತಿಯೊಂದು ಆಟಕ್ಕೂ ಇಬ್ಬರೂ ಅಂಕಪಟ್ಟಿಯಲ್ಲಿ ಗುರುತು ಹಾಕುತ್ತ ಹೋದರು. ಸಿನ್ಸಿನಾಟಿ ಗೆದ್ದಿತು. ಮರುವರ್ಷ ಮೋಸ ಹೊರಬಿದ್ದಿತು. ನ್ಯಾಯಾಲಯವು 1921ರಲ್ಲಿ ಬಿಡುಗಡೆ ಮಾಡಿದರೂ, ಆಟದ ಅಧಿಕಾರಿ ಲ್ಯಾಂಡಿಸನು ಷಿಕಾಗೋದ ಎಂಟು ಮಂದಿ ಆಟಗಾರರನ್ನು ಜೀವಾವಧಿ ಬಹಿಷ್ಕರಿಸಿದನು. ಹೀಗೆ ಮ್ಯಾಥ್ಯೂಸನ್ನನು ಬೆಳೆಸಿದ ತಂಡದ ಮೊದಲ ಮಹಾವಿಜಯಕ್ಕೇ ಅವನು ದ್ವೇಷಿಸಿದ ಮೋಸದ ಕಲೆ ಅಂಟಿತು.

1920ರಲ್ಲಿ ಕೆಮ್ಮು ಬಿಡದಾಯಿತು. ವೈದ್ಯರು ಕ್ಷಯವೆಂದರು. ನ್ಯೂಯಾರ್ಕ್ ಸಂಸ್ಥಾನದ ಬೆಟ್ಟಗಳ ನಡುವಣ ಸಾರನಾಕ್ ಲೇಕ್ ಎಂಬ ಊರಿನಲ್ಲಿ ಡಾ. ಟ್ರೂಡೋ ಎಂಬಾತನು 1880ರ ದಶಕದಲ್ಲಿಯೇ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವನ್ನು ಸ್ಥಾಪಿಸಿದ್ದನು; ತಾನೂ ಆ ರೋಗದಿಂದ ನರಳಿದವನೇ. ಮದನಪಲ್ಲಿ, ಮಿರಜಗಳ ಆರೋಗ್ಯಧಾಮಗಳ ಹೆಸರನ್ನು ಮೆಲುದನಿಯಲ್ಲಿ ಹೇಳುತ್ತಿದ್ದ ಹಿರಿಯರಿರುವ ನಮ್ಮ ಮನೆಗಳಿಗೆ ಆ ಬಾಳನ್ನು ವಿವರಿಸಬೇಕಾಗಿಲ್ಲ. ಔಷಧವಿಲ್ಲ, ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ಎರಡು ದಶಕಗಳು ಬೇಕಾಗಿದ್ದವು. ತಣ್ಣನೆಯ ಗಾಳಿ, ಹಾಲು ಮೊಟ್ಟೆ, ವರಾಂಡದಲ್ಲಿ ಅಲುಗದೆ ಮಲಗುವುದು, ಇಷ್ಟೇ ಚಿಕಿತ್ಸೆ. ಸೂರ್ಯೋದಯದಿಂದ ತೋಳು ಬೀಸಿದವನಿಗೆ ತೋಳೆತ್ತಬಾರದೆಂಬ ಕಟ್ಟಳೆ. ಚೆಕ್ಕರ್ಸ್ ಮಣೆಯೇ ಸಂಗಾತಿಯಾಯಿತು. ಹೆಂಡತಿ ಜೇನ್ ಪಕ್ಕದಲ್ಲಿದ್ದು ಶುಶ್ರೂಷೆ ಮಾಡಿದಳು. 1921ರ ಸೆಪ್ಟೆಂಬರಿನಲ್ಲಿ ಆತನ ಸಹಾಯಾರ್ಥವಾಗಿ ನ್ಯೂಯಾರ್ಕಿನಲ್ಲಿ ಹಳೆಯ ಜೊತೆಗಾರರು ಒಂದು ಪಂದ್ಯ ನಡೆಸಿದರು.

ಎರಡು ವರ್ಷಗಳಲ್ಲಿ ಎದ್ದು ಓಡಾಡುವಷ್ಟಾದನು. ಅಷ್ಟಕ್ಕೆ ತೃಪ್ತನಾಗಿ ಬೆಟ್ಟದ ಮೇಲೆಯೇ ಉಳಿದಿದ್ದರೆ ಇನ್ನಷ್ಟು ಕಾಲ ಬದುಕುತ್ತಿದ್ದನೋ ಏನೋ. 1923ರಲ್ಲಿ ಬೋಸ್ಟನ್ ಬ್ರೇವ್ಸ್ ತಂಡವನ್ನು ನ್ಯಾಯಮೂರ್ತಿ ಎಮಿಲ್ ಫುಕ್ಸ್ ಮೊದಲಾದವರು ಕೊಂಡಾಗ ಮ್ಯಾಥ್ಯೂಸನ್ನನು ಅದರ ಅಧ್ಯಕ್ಷನಾದನು. ದುರ್ಬಲ ತಂಡ, ಹಣದ ಚಿಂತೆ, ಪ್ರವಾಸ. ರೋಗ ಮರುಕಳಿಸಿತು. 1925ನೆಯ ಅಕ್ಟೋಬರ್ 7ರಂದು, 45ನೆಯ ವಯಸ್ಸಿನಲ್ಲಿ, ಸಾರನಾಕ್ ಲೇಕಿನಲ್ಲಿಯೇ ಪ್ರಾಣಬಿಟ್ಟನು. ಪಿಟ್ಸ್‌ಬರ್ಗಿನಲ್ಲಿ ಆ ವರ್ಷದ ವಿಶ್ವಸರಣಿ ಮೊದಲಾದುದು ಅದೇ ದಿನ. ಮರುದಿನ ಎರಡು ತಂಡಗಳ ಆಟಗಾರರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದರು. ಲೂಯಿಸ್‌ಬರ್ಗಿನಲ್ಲಿ, ತಾನು ಓದಿದ ಕಾಲೇಜಿನ ಸಮೀಪದಲ್ಲಿ ಆತನ ಸಮಾಧಿಯಿದೆ. ಅಲ್ಲಿನ ಕ್ರೀಡಾಂಗಣಕ್ಕೆ ಆತನ ಹೆಸರಿದೆ. ಜೇನ್ 1967ರವರೆಗೆ ಬದುಕಿದ್ದಳು.

1936ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಮೊದಲ ಸಲ ಐವರನ್ನು ಆರಿಸಿದರು: ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ವಾಲ್ಟರ್ ಜಾನ್ಸನ್ ಮತ್ತು ಮ್ಯಾಥ್ಯೂಸನ್. 1939ರಲ್ಲಿ ಮಂದಿರದ ಬಾಗಿಲು ತೆರೆದಾಗ ಐವರಲ್ಲಿ ಆತನೊಬ್ಬನೇ ಬದುಕಿರಲಿಲ್ಲ. ಆತನ ಒಟ್ಟು ಗೆಲುವುಗಳು 372 ಎಂದು ಬಹುಕಾಲ ಎಣಿಸಿದ್ದರು. ಗ್ರೋವರ್ ಅಲೆಕ್ಸಾಂಡರ್ ಎಂಬ ಇನ್ನೊಬ್ಬ ಮಹಾಪಿಚರನು 373 ಪಂದ್ಯಗಳನ್ನು ಗೆದ್ದು, ಮ್ಯಾಥ್ಯೂಸನ್ನನನ್ನು ಒಂದರಿಂದ ಮೀರಿಸಿದೆನೆಂಬ ಸಮಾಧಾನದಿಂದ 1930ರಲ್ಲಿ ಲೀಗನ್ನು ಬಿಟ್ಟಿದ್ದನು. 1940ರ ದಶಕದಲ್ಲಿ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವಿದಾಗ, ಮೊದಲನೆಯ ನೆಲೆಯಲ್ಲಿ ನಿಲ್ಲಿಸಿ ಸತಾಯಿಸಿದ ಆ 1902ನೆಯ ವರ್ಷದಲ್ಲಿ ಮ್ಯಾಥ್ಯೂಸನ್ನನಿಗೆ ಸೇರಬೇಕಾಗಿದ್ದ ಒಂದು ಗೆಲುವು ಬಿಟ್ಟುಹೋಗಿದ್ದುದು ಕಂಡುಬಂದಿತು. ಈಗ ಇಬ್ಬರ ಹೆಸರಿನ ಮುಂದೆಯೂ 373 ಎಂದೇ ಇದೆ.